ಲಾಭ, ಎರಡು

“ಒಂದು,” ಎಂದ ನಿಂಗರಾಜು, ಉಸಿರು ಬಿಗಿಹಿಡಿದು.

“ಒಂದು ಅಂತಾರೇನ್ಲಾ? ಮೊದ್ಲುದ್ನ ಲಾಭ ಅನ್ಬೇಕು. ಲಾಭ!” ಎಂದಳು ಅವನ ತಾಯಿ ಬೈರಮ್ಮ, ಕಣದಲ್ಲಿ ಕೂತು ರಾಗಿ ಅಳೆಯುತ್ತಿರುವವಳ ಗತ್ತಿನಲ್ಲಿ.

“ಸುಮ್ಕಿರವ್ವ. ನಂಗೆ ಸದ್ದು ಕೇಳುಸ್ಬೇಕು.”

ಕೊಟ್ಟಿಗೆಯ ಮುಂದೆ ಬೇವಿನ ಮರದ ನೆರಳಲ್ಲಿ ಹಳೆಯ ಗೊಬ್ಬರದ ಚೀಲ ಹಾಸಿ, ಅದರ ಮೇಲೆ ಗೇರ್ ಬಾಕ್ಸನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದ. ಪಕ್ಕದಲ್ಲಿ ಕಾರು ಮುಂದಿನ ಎರಡು ಗಾಲಿ ಕಳಚಿಸಿಕೊಂಡು ಸೈಜುಗಲ್ಲುಗಳ ಮೇಲೆ ಮೂತಿ ಎತ್ತಿ ಕೂತಿತ್ತು. ಗೇರ್ ಬಾಕ್ಸಿನ ಬಾಯೊಳಕ್ಕೆ ಈಗ ಕೂರಿಸಬೇಕಾದದ್ದು ಒಂದು ದುಂಡನೆಯ, ಉಬ್ಬಿದ ಕಬ್ಬಿಣದ ಚಕ್ರ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ನಿಂಗರಾಜು ಮೊದಲ ದಿನವೇ ಅದನ್ನು ಕುಂಬಳಕಾಯಿ ಎಂದು ಕರೆದುಬಿಟ್ಟಿದ್ದ. ಈ ಕುಂಬಳಕಾಯಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಳಗಿನ ಹಲ್ಲುಗಳು ಒಂದಾದ ಮೇಲೊಂದು ಕಚ್ಚಿಕೊಂಡು, ಅದು ಮೂರು ಸಲ ಟಕ್ಕೆಂದು ಕೆಳಕ್ಕೆ ಇಳಿಯಬೇಕು. ಮೊಬೈಲಿನ ವಿಡಿಯೋದಲ್ಲಿ ಮೀಸೆಯ ಮನುಷ್ಯನೊಬ್ಬ ಹಿಂದಿಯಲ್ಲಿ ಏನೇನೋ ಹೇಳಿ, ಮೂರು ಬೆರಳು ತೋರಿಸಿ ನಕ್ಕಿದ್ದ. ಆಮೇಲೆ ಎರಡು ಬೆರಳು ತೋರಿಸಿ, ಕತ್ತು ಕುಯ್ಯುವಂತೆ ಕೈಯಾಡಿಸಿದ್ದ. ಹಿಂದಿ ಬಾರದ ನಿಂಗರಾಜುವಿಗೂ ಅಷ್ಟು ಅರ್ಥವಾಗಿತ್ತು. ಎರಡಕ್ಕೇ ನಿಲ್ಲಿಸಿ ಕಾರು ಸ್ಟಾರ್ಟ್ ಮಾಡಿದರೆ ಒಳಗಿನ ಎಣ್ಣೆಪಂಪು ಆ ಕ್ಷಣವೇ ಪುಡಿಯಾಗುತ್ತದೆ, ಗೇರ್ ಬಾಕ್ಸು ಗುಜರಿಗೆ ಹೋಗುತ್ತದೆ.

ಅಂಥ ಇನ್ನೊಂದು ಗೇರ್ ಬಾಕ್ಸು ಸಿಗುವ ಮಾತಿರಲಿಲ್ಲ. ಹಿಂದಿನಿಂದ ಲಾರಿ ಗುದ್ದಿ ನುಜ್ಜಾದ ಅದೇ ಜಾತಿಯ ಕಾರೊಂದರದ್ದು ಇದು. ಮೈಸೂರಿನ ಗುಜರಿಯಲ್ಲಿ ಎರಡು ವಾರ ಅಲೆದು ಹುಡುಕಿ ತಂದದ್ದು. ಕಂಪನಿಯವರನ್ನು ಕೇಳಿದರೆ ಹೊಸದು ಬರಲು ಎರಡು ತಿಂಗಳು ಎಂದಿದ್ದರು. ಕೆ.ಆರ್.ಪೇಟೆಯ ಮೆಕ್ಯಾನಿಕ್ಕುಗಳು, “ಆಟೋ ಗೇರುದ್ದಾ? ಅದರ ತಂಟೆ ನಮಗೆ ಬ್ಯಾಡಪ್ಪ,” ಎಂದು ಕೈಮುಗಿದಿದ್ದರು. ನಿಂಗರಾಜು ಪಾಂಡವಪುರದ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷದಿಂದ ಆಲೆಮನೆಗಳ ಗಾಣ ರಿಪೇರಿ ಮಾಡುವ ಫಿಟ್ಟರು. ಅವನು ಬಿಚ್ಚಿ ಕಟ್ಟದ ಹಲ್ಲುಚಕ್ರ ಆ ಸೀಮೆಯಲ್ಲಿಲ್ಲ. “ಇದೂ ಗೇರೇ ತಾನೇ, ನಾನೇ ಹಾಕ್ತೀನಿ ಬುಡು,” ಎಂದುಬಿಟ್ಟಿದ್ದ. ಹಾಗೆ ಅಂದ ಮೇಲೆ ಅವನಿಗೆ ಸರಿಯಾಗಿ ಊಟ ಸೇರಿರಲಿಲ್ಲ.

ಎರಡೂ ಅಂಗೈ ಊರಿ ಮತ್ತೆ ತಿರುಗಿಸಿದ. ಕುಂಬಳಕಾಯಿ ಜಾರಿತು, ತಡೆಯಿತು, ಮತ್ತೆ ಜಾರಿತು. ಟಕ್ ಎಂದಿತು.

“ಎರಡು!” ಎಂದಳು ಬೈರಮ್ಮ.

ಅಷ್ಟರಲ್ಲಿ ಬೀದಿಯಲ್ಲಿ ಟ್ರಾಕ್ಟರಿನ ಹಾರನ್ನು ಊರಿಗೆಲ್ಲ ಕೇಳುವಂತೆ ಬಡಿದುಕೊಂಡಿತು. ಪುಟ್ಟಸ್ವಾಮಿ ಬಂದಿದ್ದ. ಗೇರ್ ಬಾಕ್ಸು ಎತ್ತಲು ಒಂದು ಕೈ ಬೇಕು ಎಂದು ನಿಂಗರಾಜುವೇ ಬರಹೇಳಿದ್ದ. ಬಾಲ್ಯದ ಗೆಳೆಯ, ಪಕ್ಕದ ಬೀದಿಯವನು, ಬಾಯಿಗೆ ಬೀಗವಿಲ್ಲದವನು.

“ಏನ್ಲಾ ನಿಂಗ್ರಾಜ, ಇನ್ನೂ ಇಲ್ಲೇ ಇದ್ಯಾ? ಅವತ್ತು ನಾನು ಎಳ್ಕಂಡು ಬಂದಾಗ ಎಂಗೆ ಉರುಳ್ಕಂಡು ಬಂತಲ್ಲಾ ಇದು...”

ನಿಂಗರಾಜು ದಡಬಡಿಸಿ ಎದ್ದ. “ಮೆತ್ತಗೆ ಮಾತಾಡ್ಲಾ,” ಎಂದು ಮನೆಯ ಬಾಗಿಲ ಕಡೆ ನೋಡಿದ. ಒಳಗೆ ರಂಜಿತ ಮಿಕ್ಸಿ ಹಾಕಿದ್ದಳು, ಕೇಳಿಸಿರಲಾರದು. ತಿರುಗಿ ಬಂದು ಗೇರ್ ಬಾಕ್ಸಿನ ಮುಂದೆ ನಿಂತಾಗ ಅವನ ಕಿವಿಯಲ್ಲಿ ಒಂದು ಎಂದದ್ದಿತ್ತು, ಲಾಭ ಎಂದದ್ದಿತ್ತು, ಎರಡು ಎಂದದ್ದಿತ್ತು. ಮೂರಾಯಿತಲ್ಲ ಎಂದುಕೊಂಡ. ಕುಂಬಳಕಾಯಿ ಬಿಗಿಯಾಗಿ ಕೂತಿರುವಂತೆಯೇ ಕಂಡಿತು.

ರಂಜಿತ ಅವನ ಹೆಂಡತಿ. ಬಿಂಡಿಗನವಿಲೆಯಿಂದ ಒಂದೂವರೆ ಮೈಲಿ ಒಳಗಿರುವ ಸಣ್ಣ ಊರೊಂದರ ಸರ್ಕಾರಿ ಶಾಲೆಯಲ್ಲಿ ಮೇಡಂ. ಪಿಯುಸಿ ಓದುವಾಗ ಬಸ್ಸು ಮಗುಚಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಅಂದಿನಿಂದ ಜೈಪುರದ ಕಾಲು. ಒಂದನೇ ತರಗತಿಯ ಮಕ್ಕಳು ಆ ಕಾಲನ್ನು ಬೆರಳಿನಿಂದ ತಟ್ಟಿ, “ಮಿಸ್, ಒಳಗ್ ಯಾರವ್ರೆ?” ಎಂದು ಕೇಳುತ್ತಿದ್ದವು. “ಎಲ್ಲಾರೂ ಹೊರಗೋಗವ್ರೆ, ನಾಳೆ ಬನ್ನಿ,” ಎನ್ನುತ್ತಿದ್ದಳು ಅವಳು. ಕ್ಲಚ್ಚಿಲ್ಲದ ಆಟೋ ಗೇರು, ಎಡಗಾಲಿಗೆ ಕೆಲಸವೇ ಇಲ್ಲದ ಕಾರು ಎಂದು ಹುಡುಕಿ ಇದನ್ನು ಕೊಂಡು ನಾಲ್ಕು ವರ್ಷವಾಗಿತ್ತು. ಗೋವಿಂದನಹಳ್ಳಿಯಿಂದ ಹೊರಟರೆ ಮುಕ್ಕಾಲು ಗಂಟೆಗೆ ಶಾಲೆಯ ಬಾಗಿಲಲ್ಲಿ ಇಳಿಯುತ್ತಿದ್ದಳು. ಕಾರು ಕೆಟ್ಟ ಮೇಲೆ ಎರಡು ಬಸ್ಸು ಬದಲಾಯಿಸಿ, ಇಳಿದು ನಡೆದು, ಕೃತಕ ಕಾಲು ಉಜ್ಜಿ ಉಜ್ಜಿ ಮೊಣಕಾಲಿನ ಕೆಳಗೆ ಹುಣ್ಣಾಯಿತು. ಇನ್ನು ನಡೆದರೆ ಮತ್ತೆ ಕತ್ತರಿಸಬೇಕಾದೀತು ಎಂದರು ಡಾಕ್ಟರು. ರಜೆಯೆಲ್ಲ ಮುಗಿದು ಈ ಭಾನುವಾರಕ್ಕೆ ಬಂದು ನಿಂತಿತ್ತು.

ಹೆಡ್‌ಮಾಸ್ಟರು ಒಂದು ದಾರಿ ತೋರಿಸಿದ್ದರು. ಪಾಠ ಬಿಟ್ಟು ಕೆ.ಆರ್.ಪೇಟೆಯ ಕಚೇರಿಯಲ್ಲಿ ಕಡತ ನೋಡುವ ಕೆಲಸಕ್ಕೆ ಅರ್ಜಿ ಹಾಕುವುದು. ಬಾಗಿಲಲ್ಲೇ ಬಸ್ಸು, ಲಿಫ್ಟೂ ಉಂಟು. ಅರ್ಜಿ ಕೊಡಲು ಸೋಮವಾರವೇ ಕಡೆಯ ದಿನ. ರಂಜಿತ ಅದನ್ನು ಬರೆದು, ಡಾಕ್ಟರ ಚೀಟಿಯನ್ನೂ ಸೇರಿಸಿ ಕಂದು ಲಕೋಟೆಗೆ ಹಾಕಿಟ್ಟಿದ್ದಳು. “ಕಾರು ಓಡ್ತು ಅಂದ್ರೆ ಹರಿದಾಕ್ತೀನಿ. ಇಲ್ಲ ಅಂದ್ರೆ ಕೊಟ್ಬುಡ್ತೀನಿ,” ಎಂದಿದ್ದಳು. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಅಡುಗೆಮನೆಗೆ ಹೋಗಿ ಅವಳು ಅತ್ತದ್ದನ್ನು ನಿಂಗರಾಜು ನೋಡಿದ್ದ.

ಅವನು ಹೇಳದೆ ನುಂಗಿಕೊಂಡಿದ್ದ ಮಾತೊಂದಿತ್ತು. ಮೂರು ವಾರದ ಹಿಂದೆ ರಂಜಿತ ಶಾಲೆಯಿಂದ ಬರುವಾಗ ಕಿಕ್ಕೇರಿಯ ಆಚೆ ಕಾರು ನಿಂತುಹೋಗಿತ್ತು, ಫೋನು ಬಂದೊಡನೆ ಅವನು ಓಡಿದ್ದ. ಬ್ಯಾಟರಿಯ ವೈರು ಸುಟ್ಟದ್ದು, ಅಷ್ಟೇ. ಅವತ್ತು ಅದು ಗೊತ್ತಾಗಲಿಲ್ಲ. ರಂಜಿತಳನ್ನು ಬಸ್ಸು ಹತ್ತಿಸಿ, ಪುಟ್ಟಸ್ವಾಮಿಯ ಟ್ರಾಕ್ಟರಿಗೆ ಹಗ್ಗ ಬಿಗಿದು ಕಾರನ್ನು ಊರವರೆಗೆ ಎಳೆಸಿಕೊಂಡು ಬಂದ. ಕೆಟ್ಟ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಟ್ರಾಕ್ಟರಿನಲ್ಲಿ ಎಳೆಯುವುದು ಆ ಕಡೆಯವರು ದಿನಾ ಮಾಡುವ ಕೆಲಸ. ಮಾರನೇ ದಿನ ವೈರು ಹಾಕಿದ ಮೇಲೆ ಎಂಜಿನ್ನು ಗುಡುಗಿತು, ಕಾರು ಮಾತ್ರ ಒಂದು ಗೇಣೂ ಮುಂದಕ್ಕೆ ಹೋಗಲಿಲ್ಲ. ಈ ಜಾತಿಯ ಕಾರಿನ ಮುಂದಿನ ಗಾಲಿ ನೆಲಕ್ಕೆ ತಾಗಿಸಿ ಎಳೆದರೆ ಎಣ್ಣೆ ಓಡದೆ ಗೇರ್ ಬಾಕ್ಸು ಸುಟ್ಟುಹೋಗುತ್ತದೆ ಎಂದು ಅವನಿಗೆ ತಿಳಿದದ್ದು ಅದಾದ ಎರಡು ದಿನಕ್ಕೆ, ಮೊಬೈಲು ನೋಡುವಾಗ.

ಆ ಹೊತ್ತಿಗೆ ಬೈರಮ್ಮ ಬೀದಿಯಲ್ಲೆಲ್ಲ, “ಹೆಣ್ಣೈಕ್ಳು ಕಾರು ಓಡ್ಸುದ್ರೆ ಇನ್ನೇನಾದದು?” ಎಂದು ಹೇಳಿಯಾಗಿತ್ತು. ರಂಜಿತ ಮಲಗುವ ಮುಂಚೆ ಅವನನ್ನು ಕೇಳಿದ್ದಳು, “ರೀ, ನಾನೇನಾದ್ರೂ ತಪ್ಪು ಒತ್ಬುಟ್ನಾ? ನನ್ನಿಂದ್ಲೇ ಹಾಳಾಯ್ತಾ?” ಇಲ್ಲ ಎನ್ನಬೇಕಿತ್ತು. ನಾಲಿಗೆ ತುದಿಗೆ ಬಂದದ್ದು ಬೇರೆ. “ಇರ್ಬೌದು,” ಎಂದಿದ್ದ.

ಅವಳು ಗೋಡೆಯ ಕಡೆ ಹೊರಳಿದ್ದಳು. ಎಷ್ಟು ಸಣ್ಣ ಮಾತು! ಆದರೆ ಅಂದಿನಿಂದ ಅದು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಈ ಗೇರ್ ಬಾಕ್ಸು ಸರಿಯಾಗಿ ಕೂತು ಅವಳು ಸೋಮವಾರ ಕಾರು ಹತ್ತಿದರೆ ಮುಳ್ಳು ತಾನಾಗಿ ಕರಗೀತು, ಹೇಳುವ ಪ್ರಮೇಯವೇ ಬರಲಾರದು ಎಂಬುದು ಅವನ ಲೆಕ್ಕ. ಹೇಡಿಯ ಲೆಕ್ಕವೆಂದು ಅವನಿಗೇ ಗೊತ್ತಿತ್ತು.

ಅವನೂ ಪುಟ್ಟಸ್ವಾಮಿಯೂ ಸೇರಿ ಗೇರ್ ಬಾಕ್ಸನ್ನು ಕಾರಿನಡಿಗೆ ಸರಿಸಿದರು. ಬೇವಿನ ಕೊಂಬೆಗೆ ಕಟ್ಟಿದ ಚೈನ್‌ಪುಲ್ಲಿಯ ಕೊಕ್ಕೆಯನ್ನು ಬಾನೆಟ್ಟಿನ ಒಳಗಿಂದ ಇಳಿಬಿಟ್ಟು, ಪುಟ್ಟಸ್ವಾಮಿ ಸರಪಳಿ ಎಳೆದ, ನಿಂಗರಾಜು ಕೆಳಗೆ ಮಲಗಿ ದಾರಿ ತೋರಿಸಿದ. ಬಾಕ್ಸು ಎಂಜಿನ್ನಿನ ಬೆನ್ನಿಗೆ ಬಂದು ತಾಗಿತು. ತಾಗಿತು ಎನ್ನುವ ಹಾಗಿರಲಿಲ್ಲ. ಅರ್ಧ ಬೆರಳು ಸಂದು ಉಳಿಯಿತು. ಅಲ್ಲಾಡಿಸಿದರು, ಭುಜ ಕೊಟ್ಟು ನೂಕಿದರು. ಸಂದು ಹಾಗೇ ಇತ್ತು.

“ಬೋಲ್ಟು ಹಾಕಿ ಎಳಿಯೋ, ಬತ್ತದೆ,” ಎಂದ ಪುಟ್ಟಸ್ವಾಮಿ. “ಗಾಣಕ್ಕೆ ಅಂಗೇ ಅಲ್ವಾ ನೀನು ಕೂರ್ಸಾದು?”

ಹೌದು, ಗಾಣಕ್ಕೆ ಹಾಗೆಯೇ. ಬಾರದ ಕಬ್ಬಿಣವನ್ನು ಬೋಲ್ಟಿನಲ್ಲಿ ಎಳೆದು ತರುವುದೇ ಅವನ ಹದಿನೆಂಟು ವರ್ಷದ ವಿದ್ಯೆ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಎಂದು ಬಿಗಿಯುತ್ತಾ ಹೋದ. ಕಬ್ಬಿಣ ಕಿರ್ ಎಂದಿತು. ಸಂದು ಮುಚ್ಚಿತು. ಕುಂಬಳಕಾಯಿಯನ್ನು ಎಂಜಿನ್ನಿನ ಚಕ್ರಕ್ಕೆ ಜೋಡಿಸುವ ಬೋಲ್ಟುಗಳಂತೂ ಒಂದಿಷ್ಟೂ ಸತಾಯಿಸದೆ ಕೂತವು. ಎಷ್ಟು ಚೆನ್ನಾಗಿ ಒಂದಕ್ಕೊಂದು ಅಂಟಿಕೊಂಡಿದೆ ಎಂದು ಅವನು ಸಮಾಧಾನ ತಂದುಕೊಂಡ.

ನಾಲ್ಕು ಗಂಟೆಗೆ ಗಾಲಿ, ಪೈಪು, ವೈರುಗಳನ್ನೆಲ್ಲ ಹಾಕಿ, ಕೆಂಪು ಎಣ್ಣೆ ತುಂಬಿಸಿ, ಕಾರನ್ನು ನೆಲಕ್ಕೆ ಇಳಿಸಿದ್ದಾಯಿತು. ಬೈರಮ್ಮ ಊದುಬತ್ತಿ ಬೆಳಗಿ, ಮುಂದಿನ ಗಾಲಿಗೊಂದು ನಿಂಬೆಹಣ್ಣು ಇಟ್ಟಳು. ರಂಜಿತ ಸೀರೆ ಬದಲಾಯಿಸಿ, ಹುಣ್ಣಿನ ಮೇಲೆ ಬಟ್ಟೆ ಸುತ್ತಿ, ಕಾಲು ಕಟ್ಟಿಕೊಂಡು ಬಂದಳು. ನೋವಿಗೆ ಮುಖ ಬಿಗಿದಿದ್ದರೂ ಕಣ್ಣಲ್ಲಿ ಹೊಸ ಕಳೆಯಿತ್ತು. ಕೈಯಲ್ಲಿದ್ದ ಕಂದು ಲಕೋಟೆಯನ್ನು ಸ್ಟೇರಿಂಗಿನ ಮುಂದೆ ಇಟ್ಟು ಕೂತಳು. ಓಡಿದೊಡನೆ ಹರಿಯುವುದಕ್ಕೇ ತಂದಿದ್ದಳೇನೋ.

ನಿಂಗರಾಜು ಕೈ ಒರೆಸಿಕೊಳ್ಳುತ್ತಾ ನಿಂತ.

“ಅತ್ತೆ, ನೀವೂ ಫಿಟ್ಟರ್ ಕೆಲ್ಸ ಮಾಡಿದ್ರಂತೆ?” ಎಂದು ರಂಜಿತ ಕಿಟಕಿಯಿಂದ ನಕ್ಕಳು. ಕೀ ಹಾಕಿ ಅರ್ಧ ತಿರುಗಿಸಿದಳು. ಸ್ಟೇರಿಂಗಿನ ಹಿಂದಿನ ಸಣ್ಣ ದೀಪಗಳೆಲ್ಲ ಹೊತ್ತಿಕೊಂಡವು.

“ಮತ್ತೆ? ಎಣ್ಸಿದ್ದು ನಾನಲ್ವಾ?” ಎಂದಳು ಬೈರಮ್ಮ. “ನಿನ್ ಗಂಡ ಶುರುವಾಗ್ತಿದ್ದಂಗೆ ಒಂದು ಅಂತ ಬಡ್ಕೊಂಡ. ಅವನ ಒಂದನ್ನ ಅಳುಸ್ಬುಟ್ಟು ನಾನು ಲಾಭ ಅಂದೆ. ಲಾಭ, ಎರಡು. ಎಲ್ಲಾ ನನ್ ಬಾಯಲ್ಲೇ ಆಗಿದ್ದು.”

“ಎರಡೇನಾ? ಮೂರು ಬೀಳ್ಬೇಕು ಅಂತಿದ್ರಲ್ಲ ಇವ್ರು.”

“ಮೂರು ಎಣ್ಸಕೆ ಎಲ್ಲಿ ಬುಟ್ಟ? ಈ ಪುಟ್ಸಾಮಿ ಬಂದು ಪೋಂ ಅನ್ಸುದ್ನಲ್ಲ.”

ರಂಜಿತ ನಗುತ್ತಲೇ ಕೀ ಕಡೆಗೆ ಕೈ ನೀಡಿದಳು.

ಅವನ ಒಂದನ್ನು ಅಳಿಸಿ ಲಾಭ. ಒಂದು ಎಂದದ್ದೂ ಲಾಭ ಎಂದದ್ದೂ ಒಂದೇ ಸದ್ದಿಗೆ. ಮಾತು ಮೂರು, ಟಕ್ಕೆಂದದ್ದು ಎರಡೇ. ಅದಕ್ಕೇ ಆ ಅರ್ಧ ಬೆರಳಿನ ಸಂದು, ಅದಕ್ಕೇ ಆ ಕಿರ್ ಎಂಬ ಸದ್ದು. ಎಲ್ಲವೂ ಒಟ್ಟಿಗೆ ಬಂದು ಅವನ ತಲೆಗೆ ಬಡಿಯಿತು.

“ಕೀ ತಗಿ!” ಎಂದು ಕೂಗಿದ. “ರಂಜಿ, ಕೀ ತಗಿ! ಮುಟ್ಬ್ಯಾಡ!”

ಅವಳು ಬೆಚ್ಚಿಬಿದ್ದು ಕೀ ಕಿತ್ತಳು. ದೀಪಗಳು ಆರಿದವು. ನಿಂಗರಾಜು ಕಬ್ಬಿಣ ಕುಯ್ಯುವ ಒಂದು ಹಳೆಯ ಆಕ್ಸಾ ಬ್ಲೇಡನ್ನು ಹಿಡಿದು ಕಾರಿನಡಿಗೆ ನುಗ್ಗಿದ. ಕೆಳಗಿನ ಕಿಂಡಿಯಿಂದ ಕುಂಬಳಕಾಯಿಗೂ ಎಂಜಿನ್ನಿನ ಚಕ್ರಕ್ಕೂ ನಡುವೆ ಸೇರಿಸಿದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಕುಂಬಳಕಾಯಿ ಮೂರೂ ಸಲ ಒಳಕ್ಕೆ ಇಳಿದಿದ್ದರೆ, ಬೋಲ್ಟು ಬಿಚ್ಚಿದ ಮೇಲೆ ಅಲ್ಲಿ ಬೆರಳಿನ ಕಾಲುಭಾಗವಾದರೂ ಸಂದು ಬಿಡಬೇಕು. ವಿಡಿಯೋದವನು ಏನನ್ನೋ ತೂರಿಸಿ ತೋರಿಸಿದ್ದು ಅದನ್ನೇ ಎಂದು ಈಗ ಹೊಳೆಯುತ್ತಿತ್ತು. ಬ್ಲೇಡು ತೂರಿಸಿ ನೋಡಿದ. ಕೂದಲೂ ಹೋಗುವಂತಿರಲಿಲ್ಲ. ಕುಂಬಳಕಾಯಿಯನ್ನು ತಿರುಗಿಸಲು ನೋಡಿದ. ಅಲುಗಲಿಲ್ಲ.

ಈಚೆ ಬಂದು ನೆಲದ ಮೇಲೇ ಕೂತ. “ಕೂತಿಲ್ಲ. ಎಲ್ಲಾ ಮತ್ತೆ ಬಿಚ್ಬೇಕು.”

“ನಿನ್ನ ಅನುಮಾನ ಕಣ್ಲಾ,” ಎಂದ ಪುಟ್ಟಸ್ವಾಮಿ. “ಒಂದ್ಸಲ ಸ್ಟಾರ್ಟ್ ಮಾಡ್ಸು. ಆದ್ರಾಯ್ತು.”

“ಆಗ್ಲಿಲ್ಲ ಅಂದ್ರೆ ಮುಗೀತು. ಎಳ್ದು ಬಿಗಿವಾಗ್ಲೇ ಒಡ್ದೋಗೈತೋ ಏನೋ, ಅದೂ ಗೊತ್ತಿಲ್ಲ.”

“ಹಾಗಿದ್ರೆ ನಾಳೆಗೆ?” ಎಂದಳು ರಂಜಿತ.

ಆಗುವುದಿಲ್ಲವೆಂದು ಅವನು ತಲೆಯಾಡಿಸಿದ. ಅವಳು ಲಕೋಟೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಬಿಡಿ ರೀ. ನೀವ್ಯಾಕೆ ಅಷ್ಟು ಸಂಕಟ ಪಡ್ತೀರ? ಹಾಳು ಮಾಡ್ದೋಳು ನಾನು. ನಾನೇ ಅನುಭವಿಸ್ಬೇಕು,” ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅವನನ್ನು ಸಮಾಧಾನ ಮಾಡುತ್ತಿದ್ದಳು.

“ನೀನಲ್ಲ,” ಎಂದ ನಿಂಗರಾಜು. “ನೀನು ಏನೂ ಮಾಡಿಲ್ಲ. ಅವತ್ತು ಕೆಟ್ಟಿದ್ದು ಬರೀ ಬ್ಯಾಟ್ರಿ ವೈರು. ನಾನು ಟ್ರಾಕ್ಟರ್ಗೆ ಕಟ್ಟಿ ಎಳ್ಸ್ಕಂಡು ಬಂದ್ನಲ್ಲ, ಅದ್ರಲ್ಲಿ ಸುಟ್ಟೋಗಿದ್ದು. ಈ ಗಾಡಿನ ಅಂಗೆ ಎಳೀಬಾರ್ದಂತೆ. ನಂಗೆ ಎರಡು ದಿನದಲ್ಲೇ ಗೊತ್ತಾಯ್ತು. ಯೋಳ್ಲಿಲ್ಲ.”

ಊದುಬತ್ತಿಯ ಬೂದಿ ಬಾಗಿ ಬಿತ್ತು. ಪುಟ್ಟಸ್ವಾಮಿ ಕೈಯಲ್ಲಿದ್ದ ಸರಪಳಿಯನ್ನು ಸದ್ದಾಗದಂತೆ ಕೆಳಗಿಟ್ಟ.

“ಇರ್ಬೌದು ಅಂದ್ರಲ್ಲ,” ಎಂದಳು ರಂಜಿತ.

“ಅಂದೆ.”

“ನಾನು ಯಾವ ಪೆಡಲ್ ಒತ್ದೆ, ಎಲ್ಲಿ ಒತ್ದೆ ಅಂತ ಮೂರು ವಾರದಿಂದ ಯೋಚ್ನೆ ಮಾಡಿ ಮಾಡಿ ಸತ್ತೆ. ಮಕ್ಕಳ ಕಾಪಿ ತಿದ್ದುವಾಗ್ಲೂ ಅದೇ. ಕಾರು ಸಾಕೋ ಯೋಗ್ಯತೆ ಇಲ್ದೋಳು ಅನ್ಕಂಡೇ ಈ ಅರ್ಜಿ ಬರ್ದೆ ಕಣ್ರೀ ನಾನು.”

ಅವಳು ಬಾಗಿಲು ಹಿಡಿದು ಇಳಿದಳು, ಲಕೋಟೆ ಸಮೇತ, ಕಾಲೆಳೆದುಕೊಂಡು ಒಳಗೆ ಹೋದಳು. ಇಳಿಯುವಾಗ ಆಸರೆಗೆ ಕೈ ನೀಡಿದ ಪುಟ್ಟಸ್ವಾಮಿಯನ್ನೂ ನೋಡಲಿಲ್ಲ. ಬೈರಮ್ಮ ಬಗ್ಗಿ ಎರಡು ನಿಂಬೆಹಣ್ಣನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡಳು. ಮೂರು ವಾರದಿಂದ ಬೀದಿಯಲ್ಲಿ ಆಡಿದ ಮಾತು ಅವಳಿಗೂ ನೆನಪಾಗಿರಬೇಕು. ಕೊಟ್ಟಿಗೆಗೆ ನಡೆದಳು.

“ಎಳ್ದೋನು ನಾನೂ ಅಲ್ವೇನ್ಲಾ,” ಎಂದ ಪುಟ್ಟಸ್ವಾಮಿ. “ಎಲ್ಲಾ ಗಾಡಿನೂ ಅಂಗೇ ಎಳ್ದಿದ್ದೀವಿ. ಯಾರ್ಗ್ ಗೊತ್ತಿತ್ತು? ಎದ್ದೇಳು. ಬಿಚ್ಚಾಣ.”

ಬೆಳಿಗ್ಗೆಯಿಂದ ಕಟ್ಟಿದ್ದನ್ನೆಲ್ಲ ಬಿಚ್ಚಿದರು. ಹೊತ್ತು ಇಳಿಯುತ್ತಿತ್ತು. ಗೇರ್ ಬಾಕ್ಸು ಮತ್ತೆ ಚೀಲದ ಮೇಲೆ ಬಂದು ನಿಂತಿತು. ನಿಂಗರಾಜು ಕುಂಬಳಕಾಯಿಯನ್ನು ಎತ್ತಿ ತೆಗೆದು, ಒಳಗಿನ ಪಂಪಿಗೆ ಬೆರಳು ಹಾಕಿದ. ಅಲ್ಲಿ ಎರಡು ಸಣ್ಣ ಕಿವಿಗಳಿರುತ್ತವೆ. ಒಡೆದಿದ್ದರೆ ಅವೇ ಮೊದಲು ಒಡೆದಿರುತ್ತವೆ. ಒಂದು ಕಿವಿ ಸಿಕ್ಕಿತು, ನುಣ್ಣಗಿತ್ತು. ಇನ್ನೊಂದು ಬೆರಳಿಗೆ ಸಿಗಲಿಲ್ಲ. ಕಣ್ಣು ಮುಚ್ಚಿಕೊಂಡ. ಎಣ್ಣೆಯಲ್ಲಿ ಬೆರಳನ್ನು ಇನ್ನಷ್ಟು ಒಳಕ್ಕೆ ಆಡಿಸಿದ. ಸಿಕ್ಕಿತು. ಅದೂ ಸರಿಯಾಗಿಯೇ ಇತ್ತು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ದೇವರೇ ಎಂದು ಅವನು ಬಾಯಿಬಿಟ್ಟು ಅಂದದ್ದು ಪುಟ್ಟಸ್ವಾಮಿಗೆ ಕೇಳಿಸಿತು.

ಹಿಂದೆ ಊರುಗೋಲಿನ ಸದ್ದಾಯಿತು. ರಂಜಿತ ನೈಟಿ ಹಾಕಿಕೊಂಡು, ಕಟ್ಟುಕಾಲನ್ನು ಒಳಗೇ ಬಿಟ್ಟು ಬಂದಿದ್ದಳು. ಅವನ ಮುಖ ನೋಡಲಿಲ್ಲ. ಚೀಲದ ಅಂಚಿಗೆ ಕೂತು ಊರುಗೋಲನ್ನು ಪಕ್ಕಕ್ಕಿಟ್ಟಳು.

“ಕೈ ಎಲ್ಲಿ ಇಡ್ಬೇಕು?” ಎಂದಳು.

“ಇಲ್ಲಿ, ಎರಡೂ ಕಡೆ. ಒತ್ಬ್ಯಾಡ. ಅದರ ಭಾರಕ್ಕೆ ಅದೇ ಇಳೀಬೇಕು. ತಿರುಗುಸ್ತಾ ಇರು, ಅಷ್ಟೇ.”

ಅವಳು ಅಂಗೈಗಳನ್ನು ಊರಿದಳು. ಎದುರಿನಿಂದ ಅವನೂ ಊರಿದ. ಕುಂಬಳಕಾಯಿ ನಿಧಾನಕ್ಕೆ ತಿರುಗತೊಡಗಿತು. ಅರ್ಧ ಸುತ್ತಿಗೆ ಟಕ್ ಎಂದಿತು.

“ಲಾಭ,” ಎಂದಳು ರಂಜಿತ, ಪಾಠ ಒಪ್ಪಿಸುವವಳಂತೆ.

ಎರಡನೆಯದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ. “ಎರಡು.”

ಆಮೇಲೆ ಏನೂ ಆಗಲಿಲ್ಲ. ಹತ್ತು ಸುತ್ತು, ಇಪ್ಪತ್ತು ಸುತ್ತು. ಬೇವಿನ ಮರದಲ್ಲಿ ಗೊರವಂಕಗಳ ಗಲಾಟೆ ಜೋರಾಗಿ, ಹಾಗೇ ಅಡಗಿತು. ಅವಳ ತೋಳು ಸೋತದ್ದು ಕಾಣುತ್ತಿತ್ತು. ಬಿಡು ಎನ್ನಲು ಅವನಿಗೆ ಧೈರ್ಯವಾಗಲಿಲ್ಲ. ಪುಟ್ಟಸ್ವಾಮಿ ಬೀಡಿ ಹಚ್ಚಲು ಹೋಗಿ, ಕಡ್ಡಿ ಗೀರಿದರೆ ಸದ್ದಾದೀತೆಂದು ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿದ. ಕೊಟ್ಟಿಗೆಯಲ್ಲಿ ಬೈರಮ್ಮ ಹಾಲು ಕರೆಯುತ್ತಿದ್ದಳು. ಪಾತ್ರೆಗೆ ಹಾಲು ಬೀಳುವ ಸದ್ದು ಒಂದೇ ಸಮ ಬರುತ್ತಿತ್ತು. ನಡುವೆ ಅದೂ ನಿಂತಿತು.

ಗೇರ್ ಬಾಕ್ಸಿನ ಆಳದಲ್ಲಿ ದಪ್ಪಗೆ, ಮೆತ್ತಗೆ, ಟಕ್ ಎಂದಿತು. ಇಬ್ಬರ ಅಂಗೈಯೂ ಒಟ್ಟಿಗೆ ಕೆಳಗಿಳಿಯಿತು.

“ಮೂರು ಕಣ್ಲಾ!” ಎಂದು ಕೊಟ್ಟಿಗೆಯೊಳಗಿಂದ ಬೈರಮ್ಮ ಕೂಗಿದಳು.

ನಿಂಗರಾಜು ಹೆಂಡತಿಯ ಮುಖ ನೋಡಿದ. “ಮೂರಾಯ್ತು, ಅಲ್ವಾ?”

“ಇರ್ಬೌದು,” ಎಂದಳು ರಂಜಿತ. ಊರುಗೋಲು ಹಿಡಿದು ಎದ್ದು ಒಳಗೆ ಹೋದಳು.

ಸೋಮವಾರ ಬೆಳಕು ಹರಿಯುತ್ತಲೇ ಪುಟ್ಟಸ್ವಾಮಿ ಹಾರನ್ನು ಹೊಡೆಯದೆ ಬಂದ. ಸರಪಳಿ ಎಳೆದರು. ಈ ಸಲ ಗೇರ್ ಬಾಕ್ಸು ಬೋಲ್ಟು ಕೇಳಲಿಲ್ಲ. ಒಂದು ಸಲ ಅಲುಗಿಸಿದ್ದೇ ತಡ, ಎಂಜಿನ್ನಿನ ಬೆನ್ನಿಗೆ ಸಂದಿಲ್ಲದೆ ಬಂದು ಕೂತಿತು. ಇಷ್ಟು ಸಲೀಸಾಗಿ ಕೂರುವ ವಸ್ತುವನ್ನು ನಿನ್ನೆ ಎಷ್ಟು ಹಿಂಸೆ ಮಾಡಿದೆನಲ್ಲ ಎಂದು ನಿಂಗರಾಜುವಿಗೆ ನಾಚಿಕೆಯಾಯಿತು. ಇನ್ನೂ ಗಾಲಿ, ಪೈಪು, ವೈರು ಎಲ್ಲ ಬಾಕಿಯಿತ್ತು. ಮಧ್ಯಾಹ್ನದವರೆಗೆ ಕಾರು ಹೊರಡುವ ಮಾತಿಲ್ಲ.

ಏಳೂವರೆಗೆ ರಂಜಿತ ಹೊರಗೆ ಬಂದಳು. ತಲೆ ಬಾಚಿ, ಸೀರೆಯುಟ್ಟು, ಕಾಲು ಕಟ್ಟಿದ್ದಳು. ಹೆಗಲಲ್ಲಿ ಬ್ಯಾಗಿತ್ತು, ಕೈಯಲ್ಲಿ ಕಂದು ಲಕೋಟೆಯಿತ್ತು. ಎಂಟು ಗಂಟೆಗೆ ಕೆ.ಆರ್.ಪೇಟೆಯ ಬಸ್ಸು. ಕಾರಿನಡಿಯಿಂದ ನಿಂಗರಾಜುವಿಗೆ ಕಂಡದ್ದು ಅವಳ ಎರಡು ಚಪ್ಪಲಿ ಮಾತ್ರ. ಅವು ಗಾಲಿಯಿಲ್ಲದ ಕಡೆ ಬಂದು ನಿಂತವು. ಹೋಗಬೇಡ ಎನ್ನುವ ಹಕ್ಕು ತನಗೆ ಉಳಿದಿದೆಯೇ ಎಂದು ಅವನಿಗೆ ಗೊತ್ತಾಗಲಿಲ್ಲ. ಕಿಂಡಿಯ ಕಡೆ ತಿರುಗಿ ಬ್ಲೇಡು ತೂರಿಸಿದ. ತಡೆಯೇ ಇಲ್ಲದೆ ಹೋಯಿತು.

“ಹೋಯ್ತಾ?” ಎಂದಳು ರಂಜಿತ ಮೇಲಿನಿಂದ.

“ಹೋಯ್ತು. ಬ್ಲೇಡು ತೆಳ್ಳಗದೆ. ಇನ್ನೂ ದಪ್ಪದ್ದು ಹೋಗ್ಬೇಕು, ಅವಾಗ್ಲೇ ಖಾತ್ರಿ. ಏನಾರ ಇದ್ರೆ ಕೊಡು. ರಟ್ಟೋ, ಪಟ್ಟೋ.”

ಚಪ್ಪಲಿಗಳು ಅಲ್ಲೇ ಇದ್ದವು. ಬ್ಯಾಗಿನ ಜಿಪ್ಪು ತೆರೆಯುವ ಸದ್ದು ಬರುತ್ತದೆಂದು ಕಾದ, ಬರಲಿಲ್ಲ. ಕಾಗದ ಮಡಿಸುವ ಸದ್ದು ಬಂತು. ಒಂದು ಮಡಿಕೆ, ಅದರ ಮೇಲೆ ಇನ್ನೊಂದು, ಆಮೇಲೆ ಉಗುರಿನಿಂದ ಒತ್ತಿ ಮತ್ತೊಂದು. ಸ್ವಲ್ಪ ಹೊತ್ತಿಗೆ ಅವಳ ಕೈ ಕೆಳಗೆ ಬಂತು. ಬೆರಳುಗಳ ನಡುವೆ ಅರ್ಜಿ ಸಮೇತ ಮಡಿಸಿದ ಕಂದು ಲಕೋಟೆಯ ದಪ್ಪನೆಯ ಪಟ್ಟಿಯಿತ್ತು. ಹೊರಮಡಿಕೆಯಲ್ಲಿ ಅವಳ ದುಂಡನೆಯ ಅಕ್ಷರದಲ್ಲಿ ವಿಳಾಸದ ‘ಮಾನ್ಯ’ ಎಂಬಷ್ಟು ಕಾಣುತ್ತಿತ್ತು.

ನಿಂಗರಾಜು ಅದನ್ನು ಇಸಿದುಕೊಂಡ. ಅವನ ಹೆಬ್ಬೆಟ್ಟಿನ ಕೆಂಪು ಎಣ್ಣೆ ಆ ಅಕ್ಷರದ ಮೇಲೆ ಹರಡಿತು. ಕಿಂಡಿಯೊಳಗೆ ತೂರಿಸಿದ. ಮಡಿಸಿದ ಕಾಗದ ಸಲೀಸಾಗಿ ಒಳಗೆ ಹೋಯಿತು, ಅಷ್ಟೇ ಸಲೀಸಾಗಿ ಹೊರಗೆ ಬಂತು. ಕುಂಬಳಕಾಯಿಯನ್ನು ಒಂದು ಬೆರಳಿನಿಂದ ತಿರುಗಿಸಿ, ಇನ್ನೊಂದು ಕಡೆಯೂ ನೋಡಿದ. ಅಲ್ಲಿಯೂ ಹೋಯಿತು.

ಬೀದಿಯ ತುದಿಯಲ್ಲಿ ಎಂಟು ಗಂಟೆಯ ಬಸ್ಸು ಬಂದು ನಿಂತು, ಹೊರಟುಹೋಯಿತು. ಎರಡು ಚಪ್ಪಲಿಗಳೂ ಕಾರಿನ ಪಕ್ಕದಲ್ಲೇ ಇದ್ದವು. ಅವನು ಕಾಗದವನ್ನು ಮೇಲಕ್ಕೆ ಚಾಚಿದ. ಯಾರೂ ತೆಗೆದುಕೊಳ್ಳಲಿಲ್ಲ.